ಟೈರ್, ರಿಮ್ ಕೆಟ್ಟಾಗ ರಿಪೇರಿಗೆ ಎಷ್ಟು ಖರ್ಚು ಮಾಡಬಹುದು? ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಬಗೆ

ಟೈರ್‌ಗೆ ಮೊಳೆ ಹೊಕ್ಕಿರುತ್ತದೆ, ಇಲ್ಲವೇ ಗುಂಡಿಗೆ ಇಳಿದ ಏಟಿಗೆ ರಿಮ್ ಸೊಟ್ಟಗಾಗಿರುತ್ತದೆ. ಅಂಗಡಿಗೆ ಹೋದ ಕೂಡಲೇ ಎಲ್ಲರೂ ಕೇಳುವ ಮೊದಲ ಮಾತು, "ಎಷ್ಟಾಗುತ್ತೆ?" ಅದಕ್ಕೂ ಮುಂಚೆ ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಟೈರ್‌ನಲ್ಲಿ ಇನ್ನೆಷ್ಟು ಆಯಸ್ಸು ಉಳಿದಿದೆ? ಹೊಸ ಟೈರ್‌ಗೂ ಪೂರ್ತಿ ಸವೆದ ಟೈರ್‌ಗೂ ಪಂಕ್ಚರ್ ಹಾಕಲು ಬೀಳುವ ದುಡ್ಡು ಒಂದೇ. ಆ ದುಡ್ಡಿಗೆ ಮುಂದೆ ಸಿಗುವ ಕಿಲೋಮೀಟರ್ ಮಾತ್ರ ಒಂದೇ ಅಲ್ಲ.

ಬೆಲೆ ಜಾಗದಿಂದ ಜಾಗಕ್ಕೆ, ಟೈರ್ ಅಳತೆಯಿಂದ ಅಳತೆಗೆ ಬದಲಾಗುತ್ತದೆ. ಹಾಗಾಗಿ ಇಲ್ಲಿ ಹಣದ ಅಂಕಿ ಕೊಡುವುದಿಲ್ಲ. ನಿಮ್ಮ ಕಾರಿನ ಒಂದು ಹೊಸ ಟೈರ್‌ನ ಬೆಲೆಯನ್ನು 100 ಅಂತ ಇಟ್ಟುಕೊಳ್ಳೋಣ. ರಿಪೇರಿಗೆ ಹೇಳಿದ ದುಡ್ಡು ಆ 100ರಲ್ಲಿ ಎಷ್ಟು ಅಂತ ನೋಡಿದರೆ ಸಾಕು, ಯಾವ ಊರಿನಲ್ಲಾದರೂ ಲೆಕ್ಕ ಕೂಡುತ್ತದೆ.

ಹೆಜ್ಜೆ 1: ಗಾಳಿ ಇಳಿದರೆ ಅಲ್ಲೇ ನಿಲ್ಲಿಸಿ

ಖರ್ಚು ಉಳಿಯುವುದು ಅಥವಾ ಏರುವುದು ಮೊದಲ ಕೆಲವು ನಿಮಿಷಗಳಲ್ಲೇ ತೀರ್ಮಾನವಾಗುತ್ತದೆ. ಗಾಳಿ ಇಲ್ಲದ ಟೈರ್ ಮೇಲೆ ಕಾರು ಓಡಿದರೆ ಅದರ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ. ಒಳಗಿನ ದಾರಗಳು ತಿಕ್ಕಾಡಿ ಬಿಸಿಯಾಗುತ್ತವೆ, ಕಿತ್ತುಹೋಗುತ್ತವೆ. ಹೊರಗಡೆಯಿಂದ ನೋಡಿದರೆ ಏನೂ ಆಗಿಲ್ಲ ಅನಿಸಬಹುದು. ಟೈರನ್ನು ರಿಮ್ಮಿನಿಂದ ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಹಿಡಿಗಟ್ಟಲೆ ಸಿಗುತ್ತದೆ. ಸೈಡ್‌ವಾಲ್‌ನ ಒಳಮೈಯಲ್ಲಿ ಸುತ್ತಲೂ ಬಳೆಯ ಹಾಗೆ ಒರಟು ಪಟ್ಟಿ ಮೂಡಿರುತ್ತದೆ. ಅದನ್ನು ನೋಡಿದ ಮೇಲೆ ಒಳ್ಳೆಯ ಮೆಕ್ಯಾನಿಕ್ ಯಾರೂ ಆ ಟೈರ್‌ಗೆ ಪಂಕ್ಚರ್ ಹಾಕುವುದಿಲ್ಲ. ಒಂದು ಮೊಳೆಯಿಂದ ಶುರುವಾದದ್ದು ಹೊಸ ಟೈರ್‌ನ ಖರ್ಚಾಗಿ ಕೂತಿರುತ್ತದೆ.

ಸ್ಟೇರಿಂಗ್ ಒಂದು ಕಡೆ ಎಳೆಯಿತು, ಹಿಂದಿನಿಂದ ದಬದಬ ಸದ್ದು ಬಂತು, ಡ್ಯಾಶ್‌ಬೋರ್ಡ್ ಮೇಲೆ ಗಾಳಿಯ ದೀಪ ಹತ್ತಿತು ಅಂದರೆ ನಿಧಾನವಾಗಿ ಬದಿಗೆ ಬನ್ನಿ. ಸಮತಟ್ಟಾದ ಗಟ್ಟಿ ಜಾಗದಲ್ಲಿ ನಿಲ್ಲಿಸಿ. "ಅಂಗಡಿ ಇಲ್ಲೇ ಎರಡು ಕಿಲೋಮೀಟರ್ ತಾನೇ" ಎಂಬ ಆಸೆ ಬೇಡ. ಸ್ಟೆಪ್ನಿ ಹಾಕಿ, ಇಲ್ಲವೇ ಗಾಳಿ ಪಂಪ್ ಇದ್ದರೆ ಗಾಳಿ ತುಂಬಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ನಿಧಾನವಾಗಿ ಇಳಿಯುತ್ತಿದ್ದರೆ ಅಂಗಡಿಯವರೆಗೆ ಹೋಗಬಹುದು. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಇರುವ ಕಾರುಗಳಲ್ಲಿ ಗಂಟೆಗೆ 80 ಕಿ.ಮೀ. ದಾಟಬಾರದು ಅಂತ ಸಾಮಾನ್ಯವಾಗಿ ಅದರ ಮೇಲೆಯೇ ಬರೆದಿರುತ್ತದೆ. ರನ್‌ಫ್ಲ್ಯಾಟ್ ಟೈರ್ ಆದರೆ ಗಾಳಿ ಇಲ್ಲದೆಯೂ ಸುಮಾರು 80 ಕಿ.ಮೀ. ದೂರ, 80ರ ವೇಗದ ಒಳಗೆ, ಹೋಗಬಹುದು. ಆದರೆ ಹಾಗೆ ಓಡಿಸಿದ ರನ್‌ಫ್ಲ್ಯಾಟ್ ಟೈರ್‌ಗೆ ರಿಪೇರಿ ಬೇಡ ಎನ್ನುವ ಕಂಪನಿಗಳೇ ಜಾಸ್ತಿ.

ಡಬ್ಬಿಯಲ್ಲಿ ಬರುವ, ತೂತು ಮುಚ್ಚುವ ಸೀಲೆಂಟ್ ದ್ರವದ ಬಗ್ಗೆ ಒಂದು ಮಾತು. ರಾತ್ರಿ ಹೊತ್ತು, ನಿರ್ಜನ ರಸ್ತೆ, ಸ್ಟೆಪ್ನಿ ಇಲ್ಲ ಅಂದರೆ ಅದು ಕಾಪಾಡುತ್ತದೆ. ಆದರೆ ಅದನ್ನು ಹಾಕಿದರೆ ಆಮೇಲೆ ಟೈರ್ ಒಳಗೆಲ್ಲ ಅಂಟು. ತೊಳೆಯಲು ಬೇರೆ ಕೂಲಿ ಕೇಳುತ್ತಾರೆ, ಕೆಲವರು ಆ ಟೈರ್ ಮುಟ್ಟುವುದೇ ಇಲ್ಲ. ಒಳಗಿರುವ ಗಾಳಿಯ ಸೆನ್ಸರ್ ಮುಚ್ಚಿಹೋಗುವ ಸಂಭವವೂ ಇದೆ. ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಡಬ್ಬಿಗೂ ಮುಗಿಯುವ ದಿನಾಂಕ ಇರುತ್ತದೆ, ನೋಡಿಕೊಳ್ಳಿ.

ಹೆಜ್ಜೆ 2: ನಿಜವಾಗಿ ಎಲ್ಲಿ ಸೋರುತ್ತಿದೆ, ಹುಡುಕಿ

ಎಲ್ಲ ಸೋರಿಕೆಯೂ ಪಂಕ್ಚರ್ ಅಲ್ಲ. ಚಳಿ ಶುರುವಾದಾಗ ತಾನಾಗಿಯೇ ಗಾಳಿ ಕಮ್ಮಿ ತೋರಿಸುತ್ತದೆ: ತಾಪ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಒಂದು ಪಿಎಸ್‌ಐಯಷ್ಟು ಇಳಿಯುತ್ತದೆ. ನಾಲ್ಕೂ ಟೈರ್‌ನಲ್ಲಿ ಒಂದೇ ಅಳತೆಗೆ ಇಳಿದಿದ್ದರೆ ಹವಾಮಾನವೇ ಕಾರಣ. ಗಾಳಿ ಹಾಕಿಸಿ, ಮುಗಿಯಿತು.

ಒಂದೇ ಟೈರ್ ಇಳಿಯುತ್ತಿದ್ದರೆ ಮೊದಲು ವಾಲ್ವ್ ನೋಡಿ. ಮುಚ್ಚಳ ತೆಗೆದು ಬಾಯಿಗೆ ಒಂದು ಹನಿ ಸೋಪಿನ ನೀರು ಹಾಕಿ. ಗುಳ್ಳೆ ಎದ್ದರೆ ಒಳಗಿನ ಸಣ್ಣ ಪಿನ್ ಸಡಿಲವಾಗಿದೆ ಅಥವಾ ಕೆಟ್ಟಿದೆ. ಇದು ಇಡೀ ಪಟ್ಟಿಯಲ್ಲೇ ಅತಿ ಅಗ್ಗದ ರಿಪೇರಿ, ಹೊಸ ಟೈರ್ 100 ಆದರೆ ಇದು ಒಂದೂ ಆಗುವುದಿಲ್ಲ. ವಾಲ್ವ್‌ನ ಬುಡ ಹಿಡಿದು ಮೆಲ್ಲಗೆ ಬಾಗಿಸಿ, ಅಲ್ಲಿಗೂ ಸೋಪಿನ ನೀರು ಹಾಕಿ. ರಬ್ಬರ್ ಹಳತಾಗಿ ಬಿರುಕು ಬಿಟ್ಟಿದ್ದರೆ ವಾಲ್ವ್ ಪೂರ್ತಿ ಬದಲಿಸಬೇಕು, ಅದಕ್ಕೆ ಟೈರ್ ಬಿಚ್ಚಬೇಕು.

ಆಮೇಲೆ ಟೈರ್‌ನ ಮೈ. ಮೇಲ್ಮೈ ಪೂರ್ತಿ, ಎರಡು ಸೈಡ್‌ವಾಲ್, ಟೈರ್ ಮತ್ತು ರಿಮ್ ಕೂಡುವ ಅಂಚು, ಎಲ್ಲ ಕಡೆ ಸೋಪಿನ ನೀರು ಸವರಿ ಕಾಯಿರಿ. ಅವಸರ ಬೇಡ. ಸಣ್ಣ ಸೋರಿಕೆಯಲ್ಲಿ ಗುಳ್ಳೆ ಏಳಲು ಒಂದೆರಡು ನಿಮಿಷ ಬೇಕಾಗುತ್ತದೆ. ಅಲಾಯ್ ರಿಮ್‌ಗಳಲ್ಲಿ ಟೈರ್ ಕೂರುವ ಅಂಚಿನಲ್ಲಿ ಬಿಳಿ ಪುಡಿಯಂತಹ ತುಕ್ಕು ಹಿಡಿದು ಅಲ್ಲಿಂದ ಗಾಳಿ ಹೋಗುವುದು ಬಹಳ ಸಾಮಾನ್ಯ. ಟೈರ್ ಬಿಚ್ಚಿ, ಅಂಚನ್ನು ಬ್ರಶ್ ಹೊಡೆದು ಚೊಕ್ಕ ಮಾಡಿ, ಸೀಲರ್ ಸವರಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಖರ್ಚು ಒಂದು ಪಂಕ್ಚರ್‌ನಷ್ಟೇ. ಇದನ್ನು ನೋಡದೆ "ರಿಮ್ ಹೋಗಿದೆ, ಹೊಸದು ಹಾಕಿ" ಅಂದವರ ಮಾತು ಕೇಳಬೇಡಿ.

ಮೊಳೆ ಕಣ್ಣಿಗೆ ಬಿದ್ದರೆ ಕಿತ್ತು ನೋಡುವ ಚಪಲ ಬೇಡ. ಮೊಳೆಯೇ ಅಲ್ಲಿ ಬಿರಡೆಯ ಕೆಲಸ ಮಾಡುತ್ತಿರುತ್ತದೆ. ಕಿತ್ತರೆ ಎರಡು ನಿಮಿಷದಲ್ಲಿ ಟೈರ್ ನೆಲಕ್ಕೆ ಕೂರುತ್ತದೆ. ಚಾಕ್‌ಪೀಸಿನಲ್ಲಿ ಗುರುತು ಹಾಕಿ ಅಂಗಡಿಗೆ ಹೋಗಿ.

ಹೆಜ್ಜೆ 3: ಗಾಯ ಎಲ್ಲಿದೆ ಅನ್ನುವುದೇ ಅರ್ಧ ತೀರ್ಪು

ಟೈರನ್ನು ಮೂರು ಭಾಗವಾಗಿ ನೋಡಿ. ರಸ್ತೆಗೆ ತಾಗುವ ಮಧ್ಯದ ಪಟ್ಟಿ. ಅದರ ಎರಡು ಅಂಚು, ಟೈರ್ ಬಾಗಿ ಪಕ್ಕಕ್ಕೆ ತಿರುಗುವ ಜಾಗ, ಇದನ್ನು ಶೋಲ್ಡರ್ ಅನ್ನುತ್ತಾರೆ. ಆಮೇಲೆ ಸೈಡ್‌ವಾಲ್.

ಮಧ್ಯದ ಪಟ್ಟಿಯಲ್ಲಿ, 6 ಮಿ.ಮೀ.ವರೆಗಿನ ತೂತು ಇದ್ದರೆ ರಿಪೇರಿ ಮಾಡಬಹುದು. ಕಾರಿನ ಟೈರ್‌ಗೆ ಇದು ಟೈರ್ ಉದ್ಯಮದವರೇ ಒಪ್ಪಿದ ಮಿತಿ. ಶೋಲ್ಡರ್‌ನಲ್ಲಾಗಲಿ ಸೈಡ್‌ವಾಲ್‌ನಲ್ಲಾಗಲಿ ತೂತಿದ್ದರೆ ಆಗುವುದಿಲ್ಲ. ಮಧ್ಯದ ಪಟ್ಟಿಯ ಕೆಳಗೆ ಉಕ್ಕಿನ ತಂತಿಯ ಬೆಲ್ಟ್ ಇರುತ್ತದೆ, ಅದು ಹೆಚ್ಚು ಬಾಗುವುದಿಲ್ಲ, ಹಾಕಿದ ಪ್ಯಾಚ್ ಅಲ್ಲಾಡದೆ ಕೂರುತ್ತದೆ. ಸೈಡ್‌ವಾಲ್ ಹಾಗಲ್ಲ. ಚಕ್ರ ಒಂದು ಸುತ್ತು ಸುತ್ತಿದಾಗಲೆಲ್ಲ ಅದು ಒಮ್ಮೆ ಬಾಗಿ ಏಳುತ್ತದೆ. ಅಲ್ಲಿ ಹಾಕಿದ ಪ್ಯಾಚ್ ಇವತ್ತಲ್ಲ ನಾಳೆ ಬಿಡುತ್ತದೆ. ಬಿಡುವುದು ಹೆಚ್ಚಾಗಿ ಟೈರ್ ಬಿಸಿಯಾಗಿ, ಕಾರು ವೇಗದಲ್ಲಿರುವಾಗ. "ಸೈಡ್‌ವಾಲ್‌ಗೂ ಹಾಕಿಕೊಡ್ತೀನಿ, ಗ್ಯಾರಂಟಿ" ಅನ್ನುವವರು ಸಿಗುತ್ತಾರೆ. ಅಗ್ಗ ಅಂತ ಒಪ್ಪಬೇಡಿ.

ಉಬ್ಬು ಬೇರೆಯೇ ಕಥೆ. ಗುಂಡಿಯ ಅಂಚಿಗೋ ಫುಟ್‌ಪಾತ್ ಕಲ್ಲಿಗೋ ಜೋರಾಗಿ ಬಡಿದಾಗ ಸೈಡ್‌ವಾಲ್ ಒಳಗಿನ ದಾರಗಳು ತುಂಡಾಗುತ್ತವೆ. ಮೇಲಿನ ರಬ್ಬರ್ ಹಾಗೇ ಇರುತ್ತದೆ. ದಾರ ಇಲ್ಲದ ಕಡೆ ಗಾಳಿ ರಬ್ಬರನ್ನು ಹೊರಗೆ ತಳ್ಳಿ ಗುಳ್ಳೆ ಮಾಡುತ್ತದೆ. ಅಂಗೈಯನ್ನು ಸೈಡ್‌ವಾಲ್ ಮೇಲೆ ಇಟ್ಟು ನಿಧಾನಕ್ಕೆ ಸುತ್ತ ಸವರಿದರೆ ಕೈಗೇ ಗೊತ್ತಾಗುತ್ತದೆ. ಒಳಗೆ ತಗ್ಗಿದ ಗೆರೆ ಕಂಡರೆ ಮಾತ್ರ ಗಾಬರಿ ಬೇಡ. ಅದು ದಾರದ ಪದರಗಳು ಒಂದರ ಮೇಲೊಂದು ಕೂಡಿದ ಜಾಗ, ಟೈರ್ ಮಾಡುವಾಗಲೇ ಬರುತ್ತದೆ. ಹೊರಗೆ ಉಬ್ಬಿದ್ದರೆ ಯಾವ ರಿಪೇರಿಯೂ ಇಲ್ಲ, ಟೈರ್ ಬದಲಿಸಬೇಕು, ಅಷ್ಟೇ. ಅಲ್ಲಿಯವರೆಗೂ ಆ ಕಾರನ್ನು ಹೆದ್ದಾರಿಗೆ ಇಳಿಸಬೇಡಿ.

ಕೊಯ್ದಿದ್ದರೆ ಗಾಯದೊಳಗೆ ಇಣುಕಿ. ರಬ್ಬರ್ ಮಾತ್ರ ಸೀಳಿದ್ದರೆ ಪರವಾಗಿಲ್ಲ. ದಾರ ಅಥವಾ ತಂತಿ ಕಂಡರೆ ಆ ಟೈರ್ ಮುಗಿಯಿತು.

ಹೆಜ್ಜೆ 4: ಉಳಿದ ಆಯಸ್ಸನ್ನು ಲೆಕ್ಕ ಹಾಕಿ

ರಿಪೇರಿ ಆಗುವ ಗಾಯ ಅಂತ ಗೊತ್ತಾಯಿತು. ಈಗ ದುಡ್ಡಿನ ಲೆಕ್ಕ.

ಕಾರಿನ ಹೊಸ ಟೈರ್‌ನಲ್ಲಿ ತೋಡುಗಳ ಆಳ ಸುಮಾರು 8 ಮಿ.ಮೀ. ಇರುತ್ತದೆ. ತೋಡಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿವೆ, ಅವುಗಳ ಎತ್ತರ 1.6 ಮಿ.ಮೀ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಿಸಲೇಬೇಕು. ಅಂದರೆ ನಾವು ಕೊಟ್ಟ 100ಕ್ಕೆ ಸಿಕ್ಕಿದ್ದು 8ರಲ್ಲಿ 1.6 ಕಳೆದು 6.4 ಮಿ.ಮೀ. ರಬ್ಬರ್. ಈಗ ಆಳ ಅಳೆಯಿರಿ. ಅಳೆಯುವ ಪುಟ್ಟ ಕಡ್ಡಿ ಎಲ್ಲ ಟೈರ್ ಅಂಗಡಿಯಲ್ಲೂ ಇರುತ್ತದೆ. 4.8 ಬಂತು ಅಂತ ಇಟ್ಟುಕೊಳ್ಳಿ. ಅದರಲ್ಲಿ 1.6 ಕಳೆದರೆ 3.2, ಸರಿಯಾಗಿ ಅರ್ಧ. ನಿಮ್ಮ ಟೈರ್‌ನ ಈಗಿನ ಬೆಲೆ 50. ಪಂಕ್ಚರ್‌ಗೆ 4 ಅಥವಾ 5 ಕೇಳಿದರೆ ಯೋಚಿಸುವುದೇ ಬೇಡ, ಹಾಕಿಸಿ. ಅದೇ ಟೈರ್ 2.4ಕ್ಕೆ ಸವೆದಿದ್ದರೆ ಉಳಿದದ್ದು 0.8, ಎಂಟರಲ್ಲಿ ಒಂದು ಪಾಲು, ಬೆಲೆ 12 ಚಿಲ್ಲರೆ. ಈಗ ಟೈರ್ ಬಿಚ್ಚಿ ಪ್ಯಾಚ್ ಹಾಕಿ ಬ್ಯಾಲೆನ್ಸ್ ಮಾಡಲು (ಚಕ್ರದ ಸುತ್ತ ತೂಕ ಸಮ ಮಾಡಲು) 8 ಕೊಟ್ಟು, ಸ್ವಲ್ಪ ದಿನದಲ್ಲಿ ಹೊಸ ಟೈರ್ ಹಾಕಿಸಿ, ಮತ್ತೆ ಅದೇ ಬಿಚ್ಚುವ, ಬ್ಯಾಲೆನ್ಸ್ ಮಾಡುವ ಕೂಲಿ ಕೊಡುವುದು ಮೂಗಿಗಿಂತ ಮೂಗುತಿ ಭಾರ.

ಅಳೆಯುವಾಗ ಒಂದೇ ಕಡೆ ಅಳೆಯಬೇಡಿ. ಒಳ ಅಂಚು, ಮಧ್ಯ, ಹೊರ ಅಂಚು ಮೂರೂ ನೋಡಿ, ಕಮ್ಮಿ ಇರುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಳ ಅಂಚು ಬಗ್ಗಿ ನೋಡದೆ ಕಾಣುವುದಿಲ್ಲ, ಅಲ್ವಾ? ಹಲವು ಟೈರ್‌ಗಳು ಸವೆದು ಸಾಯುವುದು ಅಲ್ಲೇ.

ಇದರ ಜೊತೆಗೆ ವಯಸ್ಸು. ಸೈಡ್‌ವಾಲ್ ಮೇಲೆ "ಡಿಒಟಿ" (DOT) ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2321 ಅಂತಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರ್‌ಗಳಲ್ಲಿ ಈ ಅಂಕಿ ಒಂದೇ ಬದಿಯಲ್ಲಿರುತ್ತದೆ, ಕಾಣದಿದ್ದರೆ ಒಳಬದಿ ನೋಡಿ. ಆರು ವರ್ಷಕ್ಕೆ ಬದಲಿಸಿ ಎನ್ನುವ ಕಾರು ಕಂಪನಿಗಳಿವೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹೇಗೇ ಇದ್ದರೂ ಹತ್ತು ವರ್ಷಕ್ಕೆ ಬಿಡಿ ಎನ್ನುವ ಟೈರ್ ಕಂಪನಿಗಳೂ ಇವೆ. ಕಮ್ಮಿ ಓಡುವ ಕಾರುಗಳಲ್ಲಿ ತೋಡು ಆಳವಾಗೇ ಇರುತ್ತದೆ, ರಬ್ಬರ್ ಮಾತ್ರ ಒಣಗಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತದೆ. ಅಂಥ ಟೈರ್‌ಗೆ ಎಷ್ಟೇ ಅಗ್ಗದ ರಿಪೇರಿಯೂ ದಂಡ.

ಹೆಜ್ಜೆ 5: ಯಾವ ರೀತಿಯ ಪಂಕ್ಚರ್ ಅಂತ ಕೇಳಿ ಹಾಕಿಸಿ

ಹೆಚ್ಚು ಅಂಗಡಿಗಳಲ್ಲಿ ಮಾಡುವುದು ಸ್ಟ್ರಿಪ್ ಪಂಕ್ಚರ್. ಟೈರ್ ಬಿಚ್ಚುವುದಿಲ್ಲ. ತೂತನ್ನು ಒರಟು ಕಡ್ಡಿಯಿಂದ ಉಜ್ಜಿ, ಅಂಟು ಸವರಿದ ದಪ್ಪ ರಬ್ಬರ್ ದಾರವನ್ನು ಸೂಜಿಯಲ್ಲಿ ಒಳಗೆ ತುರುಕಿ, ಹೊರಗೆ ಉಳಿದದ್ದನ್ನು ಕೊಯ್ದುಬಿಡುತ್ತಾರೆ. ಐದು ನಿಮಿಷದ ಕೆಲಸ, ಎಲ್ಲಕ್ಕಿಂತ ಅಗ್ಗ. ಮಧ್ಯದ ಪಟ್ಟಿಯಲ್ಲಿ ನೇರವಾಗಿ ಹೊಕ್ಕ ಸಣ್ಣ ಮೊಳೆಗೆ ಹಾಕಿದ ಸ್ಟ್ರಿಪ್ ಎಷ್ಟೋ ಸಲ ಟೈರ್ ಸವೆಯುವವರೆಗೂ ನಿಲ್ಲುತ್ತದೆ. ಆದರೂ ಇದು ತಾತ್ಕಾಲಿಕ ಅಂತಲೇ ಟೈರ್ ತಯಾರಕರ ಲೆಕ್ಕ. ಒಳಗೆ ಏನಾಗಿದೆ ಅಂತ ಯಾರೂ ನೋಡಿಲ್ಲವಲ್ಲ, ಅದೇ ಇದರ ದೊಡ್ಡ ಕೊರತೆ.

ಸರಿಯಾದ ರಿಪೇರಿಯಲ್ಲಿ ಟೈರ್ ಬಿಚ್ಚುತ್ತಾರೆ. ಒಳಗೆ ಬೆಳಕು ಬಿಟ್ಟು ನೋಡುತ್ತಾರೆ. ತೂತನ್ನು ಹದ ಮಾಡಿ, ಅಣಬೆ ಆಕಾರದ ಮಶ್ರೂಮ್ ಪ್ಯಾಚ್ ಅನ್ನು ಒಳಗಿನಿಂದ ಎಳೆದು ಕೂರಿಸುತ್ತಾರೆ. ಕಾಂಡ ತೂತನ್ನು ತುಂಬುತ್ತದೆ, ಕೊಡೆ ಒಳಮೈಗೆ ಅಂಟುತ್ತದೆ. ಕಾಂಡ ಇದ್ದರೆ ನೀರು ತಂತಿಯವರೆಗೆ ಹೋಗಿ ತುಕ್ಕು ಹಿಡಿಯುವುದಿಲ್ಲ, ಕೊಡೆ ಇದ್ದರೆ ಗಾಳಿ ಹೊರಗೆ ಬರುವುದಿಲ್ಲ. ಬರೀ ಒಳಗಿನಿಂದ ಪ್ಯಾಚ್ ಅಂಟಿಸಿದರೆ ನೀರು ತಂತಿಗೆ ಹೋಗುವುದು ನಿಲ್ಲುವುದಿಲ್ಲ, ಬರೀ ಸ್ಟ್ರಿಪ್ ಹಾಕಿದರೆ ಗಾಳಿ ನಿಲ್ಲುವ ಭರವಸೆ ಕಮ್ಮಿ. ಬಿಚ್ಚುವ, ಹಾಕುವ, ಬ್ಯಾಲೆನ್ಸ್ ಮಾಡುವ ಕೂಲಿ ಸೇರಿ ಇದು ಸ್ಟ್ರಿಪ್‌ಗಿಂತ ಹಲವು ಪಟ್ಟು ಆಗುತ್ತದೆ. ಆದರೂ ಹೊಸ ಟೈರ್‌ನ ಮುಂದೆ ಸಣ್ಣ ಪಾಲೇ.

ನನ್ನ ಅಭಿಪ್ರಾಯ ಕೇಳಿದರೆ: ಹೆದ್ದಾರಿಯಲ್ಲಿ ಹೋಗುವ ಕಾರು, ಟೈರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆಯಸ್ಸು ಇದೆ ಅಂದರೆ ಮಶ್ರೂಮ್ ಪ್ಯಾಚೇ ಹಾಕಿಸಿ. ದಾರಿಯಲ್ಲಿ ಸಿಕ್ಕಿಕೊಂಡಾಗ ಸ್ಟ್ರಿಪ್ ಹಾಕಿಸಿಕೊಂಡು ಮನೆ ಸೇರಿ, ಆಮೇಲೆ ಬಿಚ್ಚಿಸಿ ನೋಡಿಸಿ. ಮೊಳೆ ಓರೆಯಾಗಿ ಹೊಕ್ಕಿದ್ದರೆ ಅದರ ತುದಿ ಒಳಗೆ ಎಲ್ಲಿ ಚುಚ್ಚಿದೆ ಅಂತ ಬಿಚ್ಚದೆ ತಿಳಿಯುವುದಿಲ್ಲ. ಹಳೆಯ ಪ್ಯಾಚ್ ಪಕ್ಕದಲ್ಲೇ ಹೊಸ ತೂತು ಆಗಿ ಎರಡು ಪ್ಯಾಚ್ ಒಂದರ ಮೇಲೊಂದು ಬರುವ ಹಾಗಿದ್ದರೆ ಆ ಟೈರ್ ಕೈಬಿಡಿ.

ಸದ್ದು ಕಮ್ಮಿ ಮಾಡಲು ಒಳಗೆ ಸ್ಪಂಜ್ ಅಂಟಿಸಿದ ಟೈರ್‌ಗಳು ಈಗ ಎಲೆಕ್ಟ್ರಿಕ್ ಕಾರುಗಳಲ್ಲಿ ಸಾಮಾನ್ಯ. ತೂತಿನ ಜಾಗದ ಸ್ಪಂಜ್ ಕೊಯ್ದು ತೆಗೆದು, ಪ್ಯಾಚ್ ಹಾಕಿ, ಮತ್ತೆ ಅಂಟಿಸಬೇಕು. ಕೂಲಿ ಜಾಸ್ತಿ ಕೇಳಿದರೆ ಅದರಲ್ಲಿ ಮೋಸ ಇಲ್ಲ.

ಹೆಜ್ಜೆ 6: ರಿಮ್ಮಿನ ವಿಚಾರ

ರಿಮ್ ಗಾಯದಲ್ಲಿ ಮೂರು ಬಗೆ. ಮೈ ತರಚಿದ್ದು, ಬಾಗಿದ್ದು, ಬಿರುಕು ಬಿಟ್ಟದ್ದು. ಖರ್ಚೂ ಅಪಾಯವೂ ಇದೇ ಕ್ರಮದಲ್ಲಿ ಏರುತ್ತವೆ.

ತರಚಿದ್ದು ಅಂದಕ್ಕೆ ಸಂಬಂಧಿಸಿದ್ದು. ಫುಟ್‌ಪಾತ್ ಅಂಚಿಗೆ ಉಜ್ಜಿ ಬೆಳ್ಳಗಾದ ರಿಮ್‌ನಿಂದ ಕಾರು ಓಡಲು ಏನೂ ತೊಂದರೆ ಇಲ್ಲ. ಕೈಯಲ್ಲಿ ದುಡ್ಡಿದ್ದಾಗ ಮಾಡಿಸಿದರಾಯಿತು. ಹೇಗೂ ಟೈರ್ ಬದಲಿಸುವ ಕಾಲ ಹತ್ತಿರ ಇದ್ದರೆ ಅಲ್ಲಿಯವರೆಗೆ ಕಾಯಿರಿ, ಬಿಚ್ಚಿ ಹಾಕುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಬಣ್ಣದ ರಿಮ್ ಆದರೆ ಉಜ್ಜಿ, ತುಂಬಿ, ಬಣ್ಣ ಹೊಡೆಯುವುದು ಅಗ್ಗದ ದಾರಿ. ಪೌಡರ್ ಕೋಟಿಂಗ್‌ನಲ್ಲಿ ಹಳೆಯ ಬಣ್ಣ ಪೂರ್ತಿ ತೆಗೆದು, ಪುಡಿ ಹಿಡಿಸಿ, ಒಲೆಯಲ್ಲಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಇನ್ನು ಮುಂಭಾಗ ಕನ್ನಡಿಯಂತೆ ಹೊಳೆಯುವ, ಬೆರಳು ಆಡಿಸಿದರೆ ಸಣ್ಣ ಗೆರೆಗಳು ತಾಗುವ ಡೈಮಂಡ್ ಕಟ್ ರಿಮ್ ಇದೆಯಲ್ಲ, ಅದೇ ದುಬಾರಿ. ಅದನ್ನು ಲೇತ್ ಮೇಲೆ ಕೂರಿಸಿ ಲೋಹದ ತೆಳು ಪದರ ಹೆರೆಯಬೇಕು. ಪ್ರತಿ ಸಲ ಲೋಹ ಕಮ್ಮಿಯಾಗುತ್ತದೆ, ಹಾಗಾಗಿ ಒಂದೇ ರಿಮ್‌ಗೆ ಮತ್ತೆ ಮತ್ತೆ ಮಾಡಿಸಲು ಬರುವುದಿಲ್ಲ. ಬೇಸತ್ತವರು ಬಣ್ಣದ ರಿಮ್ ಮಾಡಿಸಿಬಿಡುತ್ತಾರೆ, ಅದೂ ಜಾಣತನವೇ.

ಬಾಗಿದ್ದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ರಿಮ್ ಅಂಚಿಗೆ ತಾಗುವಂತೆ ಒಂದು ಪೆನ್ಸಿಲನ್ನು ಗಟ್ಟಿಯಾದ ಯಾವುದಾದರೂ ವಸ್ತುವಿನ ಮೇಲೆ ಊರಿ ಹಿಡಿಯಿರಿ. ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಪೆನ್ಸಿಲ್ ತುದಿಗೂ ರಿಮ್ಮಿಗೂ ನಡುವಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದಾದರೆ ಬಾಗಿದೆ ಅಂತ ಅರ್ಥ. ಒಳ ಅಂಚನ್ನೂ ಹೀಗೇ ನೋಡಿ. ಗುಂಡಿಯ ಏಟಿಗೆ ಹೆಚ್ಚಾಗಿ ಬಾಗುವುದು ಒಳ ಅಂಚೇ, ಅಲ್ಲಿ ಆಸರೆಗೆ ರಿಮ್ಮಿನ ಕಡ್ಡಿಗಳು (ಸ್ಪೋಕ್) ಇರುವುದಿಲ್ಲ. ಅಂಗಡಿಯಲ್ಲಾದರೆ ಡಯಲ್ ಗೇಜ್ ಇಟ್ಟು ಮಿ.ಮೀ. ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮಿ.ಮೀ. ಆಸುಪಾಸು ದಾಟಿದರೆ ಸ್ಟೇರಿಂಗ್‌ನಲ್ಲಿ ನಡುಕ ಬರತೊಡಗುತ್ತದೆ.

ಕಬ್ಬಿಣದ ರಿಮ್ ಬಾಗಿದ್ದರೆ ಮೊದಲು ಹೊಸದರ ಬೆಲೆ ಕೇಳಿ. ಹೊಸದೇ ಅಗ್ಗ ಇರುವುದರಿಂದ ಸರಿ ಮಾಡಿಸುವುದರಲ್ಲಿ ಉಳಿತಾಯ ಅಷ್ಟಕ್ಕಷ್ಟೆ. ಅಲಾಯ್ ರಿಮ್ ಹೊಸದು, ಅದರಲ್ಲೂ ಕಾರು ಕಂಪನಿಯದ್ದೇ ಬೇಕು ಅಂದರೆ, ಹಲವು ಸಲ ಟೈರ್‌ಗಿಂತ ದುಬಾರಿ. ಅಲ್ಲಿ ರಿಪೇರಿಗೆ ಅರ್ಥ ಇದೆ. ಹದವಾಗಿ ಬಿಸಿ ಮಾಡಿ ಹೈಡ್ರಾಲಿಕ್ ಜಾಕ್‌ನಿಂದ ಒತ್ತಿ ನೇರ ಮಾಡುತ್ತಾರೆ. ಸುತ್ತಿಗೆಯಲ್ಲಿ ಬಡಿಯುವವರ ಹತ್ತಿರ ಅಲಾಯ್ ಕೊಡಬೇಡಿ. ಅಲ್ಯೂಮಿನಿಯಂ ಎರಕ ಕಬ್ಬಿಣದ ತಗಡಿನಂತೆ ಬಾಗಿ ಏಳುವುದಿಲ್ಲ, ಸೀಳುತ್ತದೆ. ನೇರ ಮಾಡಲು ಕೇಳುವ ದುಡ್ಡು ಹೊಸ ರಿಮ್‌ನ ಅರ್ಧ ದಾಟಿದರೆ ನಾನಾದರೆ ಹೊಸದಕ್ಕೇ ಹೋಗುತ್ತೇನೆ.

ಬಿರುಕಿನ ವಿಷಯದಲ್ಲಿ ಇಷ್ಟು ಸಡಿಲ ಇಲ್ಲ. ಕಡ್ಡಿಯಲ್ಲಿ, ನಟ್ ಕೂರುವ ತೂತಿನ ಹತ್ತಿರ, ನಡುವಿನ ಗುಂಬದ ಬಳಿ ಬಿರುಕಿದ್ದರೆ ಆ ರಿಮ್ ಗುಜರಿಗೆ. ಒಳ ಅಂಚಿನ ಸಣ್ಣ ಬಿರುಕನ್ನು ಟಿಗ್ ವೆಲ್ಡಿಂಗ್ ಮಾಡಿಕೊಡುವವರಿದ್ದಾರೆ. ತೊಂದರೆ ಏನೆಂದರೆ, ಅಲಾಯ್ ರಿಮ್‌ಗೆ ಆ ಗಟ್ಟಿತನ ಬಂದಿರುವುದು ಕಾರ್ಖಾನೆಯಲ್ಲಿ ಇಡೀ ರಿಮ್ಮನ್ನು ಹದವಾಗಿ ಕಾಯಿಸಿ, ತಣಿಸಿ ಮಾಡಿದ ಸಂಸ್ಕಾರದಿಂದ. ವೆಲ್ಡಿಂಗ್ ಶಾಖಕ್ಕೆ ಸುತ್ತಲಿನ ಲೋಹ ಆ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಬೆಸುಗೆ ನಿಂತರೂ ಪಕ್ಕದಲ್ಲಿ ಮತ್ತೆ ಸೀಳಬಹುದು. ಗಾಳಿ ನಿಂತಿತು ಅಂದರೆ ರಿಮ್ ಗಟ್ಟಿ ಅಂತಲ್ಲ. ನಾನು ಬಿರುಕಿಗೆ ದುಡ್ಡು ಹಾಕುವವರ ಪಕ್ಷ ಅಲ್ಲ.

ಸೆಕೆಂಡ್ ಹ್ಯಾಂಡ್ ರಿಮ್ ಕೊಳ್ಳುವುದು ಒಳ್ಳೆಯ ಉಳಿತಾಯ. ನಟ್‌ಗಳ ಸಂಖ್ಯೆ ಮತ್ತು ಅಂತರ, ನಡುವಿನ ತೂತು, ಅಗಲ, ಆಫ್‌ಸೆಟ್ (ರಿಮ್ ಕಾರಿಗೆ ಕೂರುವ ಮೈ ಅದರ ಅಗಲದ ನಡುವಿನಿಂದ ಎಷ್ಟು ದೂರ ಎನ್ನುವ ಅಳತೆ) ಎಲ್ಲ ಹೊಂದಬೇಕು. ದುಡ್ಡು ಕೊಡುವ ಮುಂಚೆ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಬರೀ ರಿಮ್ ತಿರುಗಿಸಿ ತೋರಿಸಲು ಹೇಳಿ. ಹೊಸದಾಗಿ ಬಣ್ಣ ಬಳಿದ ಹಳೆ ರಿಮ್ ಕಂಡರೆ ಎರಡು ಸಲ ನೋಡಿ. ಬಣ್ಣದಡಿಯಲ್ಲಿ ವೆಲ್ಡಿಂಗ್ ಅಡಗಿರಬಹುದು. ಸೆಕೆಂಡ್ ಹ್ಯಾಂಡ್ ಟೈರ್ ಮಾತ್ರ ಬೇಡ. ಅದು ಗಾಳಿ ಇಲ್ಲದೆ ಎಷ್ಟು ಓಡಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಹೆಜ್ಜೆ 7: ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ

"ಎಲ್ಲ ಸೇರಿ ಇಷ್ಟು" ಅಂದರೆ ಒಪ್ಪಬೇಡಿ. ಒಂದು ಟೈರ್ ಬದಲಿಸುವ ಬಿಲ್ಲಿನಲ್ಲಿ ಟೈರ್ ಬೆಲೆಯ ಜೊತೆ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕುವ ಕೂಲಿ, ವಾಲ್ವ್, ಬ್ಯಾಲೆನ್ಸಿಂಗ್ ಮತ್ತು ಅದರ ತೂಕಗಳು, ಹಳೆ ಟೈರ್ ವಿಲೇವಾರಿ, ತೆರಿಗೆ ಇವೆಲ್ಲ ಕೂಡಿರುತ್ತವೆ. ಒಂದು ಅಂಗಡಿಯವರು ಟೈರ್ ಅಗ್ಗ ಅಂತ ಹೇಳಿ ಉಳಿದದ್ದರಲ್ಲಿ ಕಸಿದುಕೊಳ್ಳುತ್ತಾರೆ, ಇನ್ನೊಬ್ಬರದು ಟೈರ್ ಬೆಲೆ ಜಾಸ್ತಿ, ಕೂಲಿ ಉಚಿತ. ಹೋಲಿಸಬೇಕಾದದ್ದು ಕಾರು ಹೊರಗೆ ಬರುವಾಗ ಕೊಡುವ ಒಟ್ಟು ಮೊತ್ತ.

ರಬ್ಬರ್ ವಾಲ್ವ್ ಬದಲಿಸಲು ಹಿಂದೆಮುಂದೆ ನೋಡಬೇಡಿ, ತೀರಾ ಅಗ್ಗ. ಟೈರ್ ಬಿಚ್ಚಿದಾಗ ಬದಲಿಸದಿದ್ದರೆ ಆಮೇಲೆ ಅದೊಂದಕ್ಕೇ ಮತ್ತೆ ಬಿಚ್ಚಬೇಕು. ಬ್ಯಾಲೆನ್ಸಿಂಗ್ ಕೂಡ ತಪ್ಪಿಸಬೇಡಿ. ಆದರೆ ಒಂದೇ ಚಕ್ರಕ್ಕೆ ತೂಕದ ಮೇಲೆ ತೂಕ ಅಂಟಿಸುತ್ತಿದ್ದರೆ ತಡೆಯಿರಿ: ರಿಮ್ ಬಾಗಿರಬಹುದು, ಇಲ್ಲವೇ ಟೈರ್ ಸರಿಯಾಗಿ ಕೂತಿಲ್ಲ.

ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡುವುದು, ಪ್ರತಿ ಪಂಕ್ಚರ್‌ಗೂ ಬೇಕಿಲ್ಲ. ಮೊಳೆ ಹೊಕ್ಕರೆ ಚಕ್ರದ ಕೋನ ಯಾಕೆ ಬದಲಾಗುತ್ತದೆ? ಗುಂಡಿಯ ಏಟಿಗೆ ಉಬ್ಬು ಬಂದಿದ್ದರೆ, ರಿಮ್ ಬಾಗಿದ್ದರೆ, ಕಾರು ಒಂದು ಕಡೆ ಎಳೆಯುತ್ತಿದ್ದರೆ, ಟೈರ್‌ನ ಒಂದೇ ಅಂಚು ಸವೆಯುತ್ತಿದ್ದರೆ ಖಂಡಿತ ಮಾಡಿಸಿ. ಸರಿ ಮಾಡುವ ಮೊದಲಿನ ಮತ್ತು ನಂತರದ ಅಂಕಿ ಇರುವ ಕಾಗದ ಕೇಳಿ ಇಸಿದುಕೊಳ್ಳಿ. ಇದನ್ನು ಉಳಿಸಲು ಹೋದರೆ ಹೊಸ 100ರ ಟೈರ್ ಅಕಾಲದಲ್ಲಿ ಸವೆಯುತ್ತದೆ. ನೈಟ್ರೋಜನ್‌ಗೆ ದುಡ್ಡು ಕೇಳಿದರೆ ಸುಮ್ನೆ ಬೇಡ ಅನ್ನಿ. ನಾವು ಉಸಿರಾಡುವ ಗಾಳಿಯಲ್ಲೇ ಅದು ನೂರಕ್ಕೆ 78 ಭಾಗ ಇದೆ, ತಿಂಗಳಿಗೊಮ್ಮೆ ಗಾಳಿ ನೋಡಿಸುವವರಿಗೆ ಅದರಿಂದ ಹೇಳಿಕೊಳ್ಳುವ ಲಾಭ ಇಲ್ಲ.

ಗಾಳಿಯ ಸೆನ್ಸರ್ ಇರುವ ಕಾರಾದರೆ ಬಿಚ್ಚುವ ಮುಂಚೆಯೇ ಹೇಳಿಬಿಡಿ. ಸೆನ್ಸರ್ ಸಾಮಾನ್ಯವಾಗಿ ವಾಲ್ವ್‌ನ ಬುಡದಲ್ಲಿ, ರಿಮ್ ಒಳಗೆ ಕೂತಿರುತ್ತದೆ. ಯಂತ್ರದ ತೋಳು ಆ ಜಾಗಕ್ಕೆ ಒತ್ತಿದರೆ ಮುರಿಯುತ್ತದೆ. ಅದರ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ, ಬ್ಯಾಟರಿ ಮಾತ್ರ ಬದಲಿಸಲು ಸಾಮಾನ್ಯವಾಗಿ ಬರುವುದಿಲ್ಲ. ಕೆಲವು ಕಾರುಗಳು ಸೆನ್ಸರ್ ಇಲ್ಲದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಮೂಲಕ ಚಕ್ರದ ವೇಗ ನೋಡಿಯೇ ಗಾಳಿ ಇಳಿದದ್ದನ್ನು ಪತ್ತೆ ಹಚ್ಚುತ್ತವೆ. ಅವುಗಳಲ್ಲಿ ಈ ಖರ್ಚಿಲ್ಲ, ರೀಸೆಟ್ ಒತ್ತಿದರೆ ಸಾಕು.

ಹೆಜ್ಜೆ 8: ಒಂದು ಬದಲಿಸಬೇಕೋ, ಎರಡೋ, ನಾಲ್ಕೋ

ಉಳಿದ ಟೈರ್‌ಗಳು ಹೊಸದರಂತೇ ಇದ್ದರೆ ಒಂದೇ ಸಾಕು, ಅದೇ ಕಂಪನಿಯ ಅದೇ ಮಾದರಿ ಹಾಕಿ. ಅರ್ಧ ಸವೆದಿದ್ದರೆ ಒಂದೇ ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಜೋಡಿಯ) ಎರಡನ್ನೂ ಬದಲಿಸುವುದು ಒಳ್ಳೆಯದು. ತೆಗೆದ ಚೆನ್ನಾಗಿರುವ ಟೈರ್ ಸ್ಟೆಪ್ನಿಗೆ ಆಗುತ್ತದೆ, ಆ ದುಡ್ಡು ಪೋಲಾಗುವುದಿಲ್ಲ. ಹೊಸ ಎರಡನ್ನು ಹಿಂದಿನ ಚಕ್ರಕ್ಕೆ ಹಾಕಿಸಿ, ಮುಂದಿನ ಚಕ್ರ ಎಳೆಯುವ ಕಾರಾದರೂ ಸರಿ. ನೀರು ನಿಂತ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ತಗ್ಗಿಸಿ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಹೆಚ್ಚಿನವರಿಗೆ ಅದನ್ನು ತಡೆಯಲು ಆಗುವುದಿಲ್ಲ.

ನಾಲ್ಕೂ ಚಕ್ರಕ್ಕೆ ಯಾವಾಗಲೂ ಎಂಜಿನ್ ಶಕ್ತಿ ಹೋಗುವ ಕಾರುಗಳಲ್ಲಿ ನಾಲ್ಕೂ ಟೈರ್‌ನ ಸುತ್ತಳತೆ ಹೆಚ್ಚುಕಮ್ಮಿ ಒಂದೇ ಇರಬೇಕು. ಎಷ್ಟು ಮಿ.ಮೀ. ವ್ಯತ್ಯಾಸ ನಡೆಯುತ್ತದೆ ಅಂತ ಕಾರಿನ ಕೈಪಿಡಿಯಲ್ಲಿ ನೋಡಿ. ಕಡೆಗಣಿಸಿದರೆ ಕೆಡುವುದು ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಭಾಗ), ಕ್ಲಚ್. ಅವುಗಳ ಮುಂದೆ ನಾಲ್ಕು ಟೈರ್ ಏನೂ ಅಲ್ಲ.

ಅಳತೆ ಬರೆದುಕೊಂಡು ಹೋಗಿ. 205/55 ಆರ್16 91ವಿ ಅಂದರೆ ಅಗಲ 205 ಮಿ.ಮೀ., ಸೈಡ್‌ವಾಲ್ ಎತ್ತರ ಅದರ 55 ಶೇಕಡ, ರಿಮ್ 16 ಇಂಚು, 91 ಎಂಬ ಸಂಕೇತಕ್ಕೆ ಒಂದು ಟೈರ್ ಹೊರುವ ಭಾರ 615 ಕೆಜಿ, ವಿ ಎಂಬ ಸಂಕೇತಕ್ಕೆ ವೇಗದ ಮಿತಿ ಗಂಟೆಗೆ 240 ಕಿ.ಮೀ. ಕೊನೆಯ ಎರಡರಲ್ಲಿ ಕಾರು ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ತರಬೇಡಿ. ಸೈಡ್‌ವಾಲ್ ಗಿಡ್ಡ ಆದಷ್ಟೂ ಗುಂಡಿಯ ಏಟು ನೇರ ರಿಮ್ಮಿಗೆ ಬೀಳುತ್ತದೆ, ಟೈರೂ ದುಬಾರಿ. ಪದೇ ಪದೇ ಉಬ್ಬು, ಸೊಟ್ಟ ಅಂತ ಖರ್ಚಾಗುತ್ತಿದ್ದರೆ, ಅದೇ ಕಾರಿನ ಕೆಳಗಿನ ಮಾದರಿಗೆ ಕಂಪನಿಯವರೇ ಕೊಡುವ ಒಂದಿಂಚು ಚಿಕ್ಕ ರಿಮ್ ಹಾಕಿಸಿಕೊಳ್ಳುವ ಬಗ್ಗೆ ಯೋಚಿಸಿ. ನೋಟ ಸ್ವಲ್ಪ ಕಮ್ಮಿ, ನೆಮ್ಮದಿ ಜಾಸ್ತಿ.

ಹೆಜ್ಜೆ 9: ವಿಮೆ, ವಾರಂಟಿ

ತಯಾರಿಕೆಯ ದೋಷಕ್ಕೆ ಟೈರ್ ಕಂಪನಿ ವಾರಂಟಿ ಕೊಡುತ್ತದೆ. ಪೂರ್ತಿ ದುಡ್ಡು ಸಿಗುವುದು ಅಪರೂಪ, ಉಳಿದ ತೋಡಿನ ಆಳಕ್ಕೆ ತಕ್ಕ ಪಾಲು ಬಿಟ್ಟು ಹೊಸದು ಕೊಡುತ್ತಾರೆ. ನಾಲ್ಕನೇ ಹೆಜ್ಜೆಯ ಲೆಕ್ಕವನ್ನೇ ಅವರೂ ಹಾಕುವುದು. ಗುಂಡಿಯ ಏಟಿನಿಂದ ಬಂದ ಉಬ್ಬು ದೋಷದಲ್ಲಿ ಸೇರುವುದಿಲ್ಲ. ಕೆಲವು ಕಂಪನಿಗಳು ಅದಕ್ಕೂ ಬೇರೆ ಯೋಜನೆ ಇಟ್ಟಿರುತ್ತವೆ, ಟೈರ್ ಕೊಂಡ ಬಿಲ್ ಇದ್ದರೆ ಕೇಳಿ ನೋಡಿ.

ವಿಮೆಯಲ್ಲಿ ಸವೆತ, ಪಂಕ್ಚರ್ ಸಾಮಾನ್ಯವಾಗಿ ಹೊರಗೆ. ರಿಮ್ ಒಡೆದು, ಸಸ್ಪೆನ್ಷನ್ ಸಹ ಬಾಗಿದ್ದರೆ ಕ್ಲೇಮ್ ಮಾಡುವ ಮುಂಚೆ ಎರಡು ಅಂಕಿ ಪಕ್ಕಪಕ್ಕ ಬರೆಯಿರಿ: ನಮ್ಮ ಕೈಯಿಂದ ಕಟ್ಟಲೇಬೇಕಾದ ಮೊತ್ತ, ಮತ್ತು ಕ್ಲೇಮ್ ಮಾಡಿದ್ದಕ್ಕೆ ಮುಂದಿನ ವರ್ಷ ಕೈತಪ್ಪುವ ರಿಯಾಯಿತಿ. ಎರಡೂ ಸೇರಿ ರಿಪೇರಿ ಖರ್ಚಿಗೆ ಹತ್ತಿರ ಬಂದರೆ ಕ್ಲೇಮ್ ಬೇಡ. ಮಾಡುವುದಾದರೆ ಚಕ್ರ ಬಿಚ್ಚುವ ಮುಂಚೆಯೇ ಫೋಟೋ ತೆಗೆದು ತಿಳಿಸಿ.

ಹೆಜ್ಜೆ 10: ಕಾರು ಬಿಡಿಸಿಕೊಳ್ಳುವಾಗ

ಬದಲಿಸಿದ ಹಳೆ ಟೈರನ್ನು ಕಣ್ಣಾರೆ ನೋಡಿ. ರಿಪೇರಿಯಾದ ಟೈರ್ ಆದರೆ ಗಾಳಿ ತುಂಬಿದ ಮೇಲೆ ಗಾಯದ ಜಾಗಕ್ಕೆ, ವಾಲ್ವ್‌ಗೆ, ಅಂಚಿಗೆ ನಿಮ್ಮೆದುರೇ ಸೋಪಿನ ನೀರು ಹಾಕಿಸಿ. ಗಾಳಿಯ ಒತ್ತಡ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಸೈಡ್‌ವಾಲ್ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ.

ನಟ್‌ಗಳನ್ನು ಎದುರುಬದುರಾಗಿ ನಕ್ಷತ್ರದ ಕ್ರಮದಲ್ಲಿ ಬಿಗಿಯಬೇಕು, ಕೊನೆಯ ಬಿಗಿತ ಟಾರ್ಕ್ ಸ್ಪ್ಯಾನರ್‌ನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಸ್ಪ್ಯಾನರ್). ಗಾಳಿ ಗನ್ನಿನಲ್ಲಿ ಕಿರ್ರೆಂದು ಬಿಗಿದು ಬಿಟ್ಟರೆ ಬೋಲ್ಟ್ ಎಳೆದುಕೊಳ್ಳುತ್ತದೆ, ಮುಂದೆ ದಾರಿಯಲ್ಲಿ ಪಂಕ್ಚರ್ ಆದಾಗ ನಿಮ್ಮ ಕೈಯಲ್ಲಿ ಬಿಚ್ಚಲೂ ಆಗುವುದಿಲ್ಲ. ಎಷ್ಟು ನ್ಯೂಟನ್ ಮೀಟರ್ ಅಂತ ಕೈಪಿಡಿಯಲ್ಲಿದೆ. ಅಲಾಯ್ ರಿಮ್ ಆದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ ಮತ್ತೊಮ್ಮೆ ನೋಡಿಸಿ. ಸ್ವಲ್ಪ ಸಡಿಲಾಗಿರುವುದುಂಟು.

ಹೊರಗೆ ಬಂದು ನೇರ ರಸ್ತೆಯಲ್ಲಿ ಓಡಿಸಿ. 80ರಿಂದ 110 ಕಿ.ಮೀ. ವೇಗದ ನಡುವೆ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸ್ ಸರಿ ಇಲ್ಲ, ವಾಪಸ್ ಹೋಗಿ ಮಾಡಿಸಿಕೊಳ್ಳಿ, ಅದಕ್ಕೆ ಮತ್ತೆ ದುಡ್ಡು ಕೊಡಬೇಕಿಲ್ಲ. ಹೊಸ ಟೈರ್‌ನ ಮೇಲ್ಮೈ ಮೊದಮೊದಲು ಜಾರುತ್ತದೆ, ಮೊದಲ ಕೆಲವು ನೂರು ಕಿ.ಮೀ. ಜೋರಾಗಿ ಬ್ರೇಕ್ ಹಾಕುವುದು, ತಿರುವಿನಲ್ಲಿ ನುಗ್ಗುವುದು ಬೇಡ. ಮರುದಿನ ಬೆಳಿಗ್ಗೆ ಕಾರು ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ, ಗಾಳಿ ಅಳೆದು ಬರೆದಿಡಿ. ಒಂದು ವಾರ ಬಿಟ್ಟು ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಆ ಚಕ್ರ ಒಂದೇ ಉಳಿದವಕ್ಕಿಂತ ಜಾಸ್ತಿ ಇಳಿದಿದ್ದರೆ ಬಿಲ್ ಹಿಡಿದು ಅದೇ ಅಂಗಡಿಗೆ ಹೋಗಿ.